ಕೈತೋಟದ ಮಾದರಿ ರೈಲಿಗೆ ವಿದ್ಯುತ್: ವೋಲ್ಟಿನ ಚಿಂತೆಯಿಂದ ಆಂಪಿಯರಿನ ಚಿಂತೆಗೆ

ಮಾದರಿ ರೈಲಿಗೆ ಎಷ್ಟು ವಿದ್ಯುತ್ ಬೇಕು ಎಂಬ ಪ್ರಶ್ನೆ ಒಂದು ಶತಮಾನಕ್ಕೂ ಹಳೆಯದು. ಆದರೆ ಆ ಪ್ರಶ್ನೆಯ ಅರ್ಥ ಕಾಲಕಾಲಕ್ಕೆ ಬದಲಾಗಿದೆ. ರೈಲು ಮನೆಯ ಪಡಸಾಲೆಯಲ್ಲಿ ಓಡುತ್ತಿದ್ದಾಗ ಚಿಂತೆಯೆಲ್ಲ ವೋಲ್ಟಿನದು: ಮಗುವಿನ ಕೈಗೆ ಶಾಕ್ ಹೊಡೆಯದಂತೆ ಎಂಜಿನ್ ಓಡಿಸುವುದು ಹೇಗೆ ಎಂಬುದು. ಅದಕ್ಕೆ ಸಿಕ್ಕ ಉತ್ತರ ಕಡಿಮೆ ವೋಲ್ಟೇಜ್. ಅದೇ ಉತ್ತರ ರೈಲು ಕೈತೋಟಕ್ಕೆ ಇಳಿದ ಮೇಲೆ ತೊಡಕಾಯಿತು. ವೋಲ್ಟೇಜಿಗೆ ಮಿತಿ ಬಿದ್ದಿದ್ದರಿಂದ, ಭಾರವಾದ ಎಂಜಿನ್‌ಗಳಿಗೂ ಉದ್ದನೆಯ ಹಳಿಗೂ ಬೇಕಾದ ಹೆಚ್ಚಿನ ಶಕ್ತಿಯೆಲ್ಲ ಆಂಪಿಯರಿನ ರೂಪದಲ್ಲೇ ಬರಬೇಕಾಯಿತು. ನಿಜವಾದ ರೈಲ್ವೆ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಭಾರತೀಯ ರೈಲ್ವೆ ತನ್ನ ತಂತಿಗಳಲ್ಲಿ 25,000 ವೋಲ್ಟ್ ಹರಿಸುವುದು ಪ್ರವಾಹ ಕಡಿಮೆಯಾಗಲಿ, ದಾರಿಯಲ್ಲಿ ಸೋರಿಹೋಗುವ ಶಕ್ತಿ ಉಳಿಯಲಿ ಎಂದೇ. ಮಾದರಿ ರೈಲಿಗೆ ಆ ಸೌಕರ್ಯವಿಲ್ಲ.

ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಕಮ್ಮಾರ ಥಾಮಸ್ ಡೇವನ್‌ಪೋರ್ಟ್ 1835ರ ಸುಮಾರಿಗೆ ತಾನು ರೂಪಿಸಿದ ಮೋಟಾರಿನಿಂದ ಪುಟ್ಟ ಬಂಡಿಯೊಂದನ್ನು ವೃತ್ತಾಕಾರದ ಹಳಿಯ ಮೇಲೆ ಓಡಿಸಿ ತೋರಿಸಿದ. ಅದಕ್ಕೆ ಶಕ್ತಿ ಕೊಟ್ಟದ್ದು ರಾಸಾಯನಿಕ ಬ್ಯಾಟರಿ. ಅಂಗಡಿಯಲ್ಲಿ ಕೊಳ್ಳಬಹುದಾದ ವಿದ್ಯುತ್ ಆಟಿಕೆ ರೈಲು ಬರಲು ಮತ್ತೆ ಆರು ದಶಕ ಹಿಡಿಯಿತು. ಸಿನ್ಸಿನಾಟಿಯ ಕಾರ್ಲೈಲ್ ಅಂಡ್ ಫಿಂಚ್ ಕಂಪನಿ 1890ರ ದಶಕದ ಕೊನೆಯಲ್ಲಿ ಮಾರಿದ ರೈಲುಗಳೂ ಬ್ಯಾಟರಿಯನ್ನೇ ನೆಚ್ಚಿದ್ದವು, ಏಕೆಂದರೆ ಬಹುಪಾಲು ಮನೆಗಳಿಗೆ ಆಗ ವಿದ್ಯುತ್ ಬಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಅನುಕೂಲಸ್ಥರು ಸೀಸ-ಆಮ್ಲದ ಬ್ಯಾಟರಿ ಬಳಸಿದರು. ಅದರ ಒಂದೊಂದು ಕೋಶ ಕೊಡುವುದು ಸುಮಾರು 2 ವೋಲ್ಟ್. ಹಳೆಯ ಎಂಜಿನ್‌ಗಳಲ್ಲಿ ಕಾಣುವ 4, 6, 8, 12 ಎಂಬ ಅಂಕಿಗಳಿಗೆ ಇದೇ ಮೂಲ. ಅದೇ ಕಾಲದಲ್ಲಿ ಹೊರಾಂಗಣದ ಹಳಿಗಳ ಮೇಲೆ ಓಡುತ್ತಿದ್ದವು ಮುಖ್ಯವಾಗಿ ಉಗಿಯ ಎಂಜಿನ್‌ಗಳು ಮತ್ತು ಕೀಲಿ ಕೊಟ್ಟು ಬಿಡುವ ಎಂಜಿನ್‌ಗಳು. ಹೀಗಾಗಿ ತೋಟದಲ್ಲಿ ವಿದ್ಯುತ್ತಿನ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಮನೆಗಳಿಗೆ ವಿದ್ಯುತ್ ಬಂದಾಗ ತಯಾರಕರು ಅಪಾಯದ ಅಡ್ಡದಾರಿಯೊಂದನ್ನು ಹಿಡಿದರು. ಬೀದಿಯಿಂದ ಬರುವ ಪೂರೈಕೆಯನ್ನು ಬಲ್ಬೊಂದರ ಮೂಲಕ ಹಾಯಿಸಿ ನೇರವಾಗಿ ಹಳಿಗೆ ಕೊಡುವ ಪದ್ಧತಿ ಅದು. ರೈಲು ಓಡುತ್ತಿರುವಾಗ ವೋಲ್ಟೇಜಿನ ಹೆಚ್ಚಿನ ಪಾಲನ್ನು ಬಲ್ಬೇ ನುಂಗುತ್ತದೆ, ಎಂಜಿನ್ನಿಗೆ ಉಳಿಯುವುದು ಸ್ವಲ್ಪ. ಹಾಗಾಗಿ ನೋಡಲು ಎಲ್ಲವೂ ಕ್ಷೇಮವೇ. ಎಂಜಿನ್ ಹಳಿ ತಪ್ಪಿದ ಗಳಿಗೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಪ್ರವಾಹ ನಿಂತರೆ ಬಲ್ಬು ಏನನ್ನೂ ನುಂಗುವುದಿಲ್ಲ, ಇಡೀ 200 ಚಿಲ್ಲರೆ ವೋಲ್ಟ್ ಹಳಿಯ ಮೇಲೆ ಕುಳಿತಿರುತ್ತದೆ. ಉರುಳಿದ ಎಂಜಿನ್ನನ್ನು ಎತ್ತಿಡಲು ಮಗು ಕೈ ಚಾಚುವುದೂ ಆ ಗಳಿಗೆಯಲ್ಲೇ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1925ರಲ್ಲಿ ತಂದ ಮೆಟ್ರೊಪಾಲಿಟನ್ ರೈಲು ಕೂಡ ಈ ಬಲ್ಬಿನ ಪದ್ಧತಿಯದೇ. ಮುಂದೆ ಕಂಪನಿ ಅದನ್ನು ಬಿಟ್ಟು ಕಡಿಮೆ ವೋಲ್ಟಿನ ರೈಲುಗಳತ್ತ ತಿರುಗಿತು. ಜರ್ಮನಿಯ ಗ್ಯೋಪಿಂಗನ್ ಊರಿನ ಮಾರ್ಕ್ಲಿನ್ 1926ರಲ್ಲಿ 20 ವೋಲ್ಟಿನ ವ್ಯವಸ್ಥೆ ತಂದಿತು. ಇಂದು ಯುರೋಪಿನ ಆಟಿಕೆ ನಿಯಮ ವಿದ್ಯುತ್ ಆಟಿಕೆಗಳಿಗೆ ಹಾಕಿರುವ ಮೇಲ್ಮಿತಿ 24 ವೋಲ್ಟ್.

ಈ ಬದಲಾವಣೆ ಸಾಧ್ಯವಾದದ್ದು ಟ್ರಾನ್ಸ್‌ಫಾರ್ಮರಿನಿಂದ. ಅದು ವೋಲ್ಟೇಜ್ ಇಳಿಸುವುದರ ಜೊತೆಗೆ ಹಳಿಗೂ ಬೀದಿಯ ತಂತಿಗೂ ನೇರ ಸಂಪರ್ಕವೇ ಇಲ್ಲದಂತೆ ಮಾಡುತ್ತದೆ. ಎರಡನೆಯದೇ ದೊಡ್ಡ ಉಪಕಾರ. ಆದರೆ ಟ್ರಾನ್ಸ್‌ಫಾರ್ಮರ್ ನಡೆಯುವುದು ಎ.ಸಿ. ವಿದ್ಯುತ್ತಿನಲ್ಲಿ ಮಾತ್ರ. ಡಿ.ಸಿ. ಪೂರೈಕೆಯೇ ಉಳಿದುಕೊಂಡಿದ್ದ ನಗರಭಾಗಗಳಲ್ಲಿ ಅದರಿಂದ ಪ್ರಯೋಜನವಿರಲಿಲ್ಲ. 1930ರ ದಶಕದಲ್ಲಿ ಶಾಶ್ವತ ಅಯಸ್ಕಾಂತದ ಮೋಟಾರುಗಳು ಸುಧಾರಿಸಿದವು. ಧನ ಋಣ ಅದಲುಬದಲು ಮಾಡಿದರೆ ಸಾಕು, ಅವು ಹಿಂದಕ್ಕೆ ಓಡುತ್ತವೆ. ಅವುಗಳಿಗೆ ಬೇಕಾದದ್ದು ಡಿ.ಸಿ., ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಹಿಂದೆಯೇ ರೆಕ್ಟಿಫೈಯರ್ ಬಂತು. ಮೊದಲು ತಾಮ್ರದ ಆಕ್ಸೈಡಿನದು, ಬಳಿಕ ಸೆಲೆನಿಯಮ್‌ನದು, ಯುದ್ಧಾನಂತರದ ದಶಕಗಳಲ್ಲಿ ಸಿಲಿಕಾನ್ ಡಯೋಡಿನದು. 1938ರ ಹಾರ್ನ್‌ಬಿ ಡಬ್ಲೊ ರೈಲು 12 ವೋಲ್ಟ್ ಡಿ.ಸಿ.ಯಲ್ಲಿ ಓಡಿತು. ಮೇಜಿನ ಮೇಲಿನ ಅಷ್ಟು ಪುಟ್ಟ ರೈಲಿಗೆ ಒಂದು ಆಂಪಿಯರ್ ಬೇಕಾದಷ್ಟಾಯಿತು.

ಕೈತೋಟಕ್ಕೆ ವಿದ್ಯುತ್ ರೈಲನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು ನ್ಯೂರೆಂಬರ್ಗಿನ ಅರ್ನ್ಸ್ಟ್ ಪೌಲ್ ಲೆಹ್ಮನ್ ಕಂಪನಿ. 1968ರಲ್ಲಿ ಅದು ಹೊರತಂದ ಎಲ್‌ಜಿಬಿ ಸರಣಿಯ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್, ಅಳತೆ 1:22.5. ಅಂದರೆ ಅದು ಮೀಟರ್‌ಗೇಜ್ ರೈಲಿನ ಮಾದರಿ, ಮೈಸೂರು ಸೀಮೆಯಲ್ಲಿ ದಶಕಗಳ ಕಾಲ ಓಡಿದ ಗೇಜಿನದೇ ಪುಟ್ಟ ರೂಪ. ಹಳಿ ಹಿತ್ತಾಳೆಯದು, ಮಳೆ ಬಿಸಿಲಿಗೆ ಬಿಟ್ಟರೂ ಕೆಡದು. ಆರಂಭದ ಸೆಟ್ಟುಗಳ ಜೊತೆ ಬರುತ್ತಿದ್ದ ಟ್ರಾನ್ಸ್‌ಫಾರ್ಮರಿನ ಶಕ್ತಿ ಒಂದು ಆಂಪಿಯರಿನ ಆಸುಪಾಸಿನದು. ಎಂಜಿನ್ ಒಂದೇ, ಬೋಗಿ ಎರಡೇ ಇರುವವರೆಗೆ ಅದು ಸಾಕು. ಆದರೆ ಕೈತೋಟದ ರೈಲು ಅಲ್ಲಿಗೆ ನಿಲ್ಲುವುದು ಅಪರೂಪ. ಎರಡು ಮೋಟಾರಿನ ಎಂಜಿನ್, ಹೊಗೆ ಉಗುಳುವ ಸಾಧನ, ದೀಪದ ಬೋಗಿ ಒಂದೊಂದಾಗಿ ಸೇರಿಕೊಳ್ಳುತ್ತವೆ. ಎಲ್‌ಜಿಬಿಯೇ ಮುಂದೆ 10 ಆಂಪಿಯರಿನ ಜಂಬೊ ಎಂಬ ನಿಯಂತ್ರಕವನ್ನು ಮಾರುಕಟ್ಟೆಗೆ ತಂದದ್ದು ಈ ಬೆಳವಣಿಗೆಯ ಅಳತೆಗೋಲು.

ಅಗತ್ಯವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎಂಜಿನ್ ಮತ್ತು ಆರು ಬೋಗಿ ಸೇರಿ 10 ಕಿಲೊ ತೂಗುವ ರೈಲು ನೂರಕ್ಕೆ ನಾಲ್ಕರ ಏರನ್ನು ಹತ್ತಲು ಸುಮಾರು 4 ನ್ಯೂಟನ್ ಬಲ ಬೇಕು. ತಿರುವು ಮತ್ತು ಚಕ್ರಗಳ ಘರ್ಷಣೆಗೆ ಇನ್ನೆರಡು ಎಂದಿಟ್ಟುಕೊಂಡರೆ ಒಟ್ಟು 6. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಎಂದರೆ ನಿಜರೈಲಿನ ಗಂಟೆಗೆ 40 ಕಿಲೊಮೀಟರಿಗೆ ಸಮನಾದ ವೇಗದಲ್ಲಿ, ಇದು ಕೇವಲ 3 ವ್ಯಾಟ್ ಕೆಲಸ. ಮೋಟಾರು ಮತ್ತು ಗಿಯರುಗಳು ಕಾಲು ಭಾಗವನ್ನಷ್ಟೇ ಚಕ್ರಕ್ಕೆ ದಾಟಿಸಿದರೆ 12 ವ್ಯಾಟ್, 18 ವೋಲ್ಟಿನಲ್ಲಿ 0.7 ಆಂಪಿಯರಿಗಿಂತ ತುಸು ಕಡಿಮೆ. ಇನ್ನು ಬೋಗಿಗೆರಡರಂತೆ ಹನ್ನೆರಡು ಬಲ್ಬು, ಒಂದಕ್ಕೆ 50 ಮಿಲಿಆಂಪಿಯರ್ ಹಿಡಿದರೂ 0.6 ಆಂಪಿಯರ್. ದೀಪ ಉರಿಸುವ ಖರ್ಚು ಭಾರ ಎಳೆಯುವ ಖರ್ಚಿಗೆ ಹತ್ತಿರ ಹತ್ತಿರ ಸಮ! ಹೊಗೆಯ ಸಾಧನವೂ ಸೇರಿದರೆ ರೈಲೊಂದಕ್ಕೆ 1.5 ಆಂಪಿಯರ್ ಆಗುತ್ತದೆ. ಎರಡು ರೈಲಿಗೆ 3, ಹೊರಡುವಾಗಿನ ಹೆಚ್ಚುವರಿ ಎಳೆತ ಮತ್ತು ಬೇಸಿಗೆಯ ಕಾವಿಗೆ ಅವಕಾಶ ಬಿಟ್ಟರೆ 5 ಆಂಪಿಯರಿನ ಪೂರೈಕೆ ತಕ್ಕದ್ದು. ಎಲ್‌ಇಡಿ ದೀಪಗಳು ಬಂದ ಮೇಲೆ ಈ ಲೆಕ್ಕ ಬಹಳಷ್ಟು ಇಳಿದಿದೆ.

ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಹಳೆಯ ಅಮೆರಿಕನ್ ಟ್ರಾನ್ಸ್‌ಫಾರ್ಮರುಗಳ ಮೇಲಿನ ವ್ಯಾಟ್ ಸಂಖ್ಯೆ ಅವು ಗೋಡೆಯಿಂದ ಸೆಳೆಯುವ ಶಕ್ತಿಯದು, ಹಳಿಗೆ ಕೊಡುವ ಶಕ್ತಿಯದಲ್ಲ. ಜೊತೆಗೆ ಅವು 60 ಹರ್ಟ್ಸಿಗೆ ಮಾಡಿದವು. ನಮ್ಮ 50 ಹರ್ಟ್ಸಿನಲ್ಲಿ, ವೋಲ್ಟೇಜ್ ಹೊಂದಿಸಿ ಕೊಟ್ಟರೂ, ಅವುಗಳ ಕಬ್ಬಿಣದ ತಿರುಳು ಹೆಚ್ಚು ಕಾಯುತ್ತದೆ. ಎ.ಸಿ.ಯನ್ನು ಡಿ.ಸಿ. ಮಾಡುವಾಗಲೂ ಎಚ್ಚರ ಬೇಕು. 18 ವೋಲ್ಟ್ ಎ.ಸಿ.ಯ ತುತ್ತತುದಿ 25 ವೋಲ್ಟಿನಷ್ಟಿರುತ್ತದೆ, ಕೆಪಾಸಿಟರ್ ಸೇರಿಸಿದರೆ ಭಾರವಿಲ್ಲದಿರುವಾಗ ಹಳಿಗೆ ಬರುವುದು ಹೆಚ್ಚುಕಡಿಮೆ ಅಷ್ಟೇ.

ಇಷ್ಟೆಲ್ಲ ಸರಿಯಾಗಿದ್ದೂ ರೈಲು ತೋಟದ ಆ ತುದಿಯಲ್ಲಿ ಮಂಕಾಗಿ ತೆವಳಿದರೆ ಹೊಸ ಟ್ರಾನ್ಸ್‌ಫಾರ್ಮರ್ ಕೊಳ್ಳುವುದು ವ್ಯರ್ಥ. ದೋಷ ಬಹುಪಾಲು ಹಳಿಯ ಜೋಡಣೆಯದು. 30 ಸೆಂಟಿಮೀಟರಿನ ತುಂಡುಗಳಿಂದ ಕಟ್ಟಿದ 30 ಮೀಟರ್ ದಾರಿಯಲ್ಲಿ ಎರಡೂ ಸಾಲು ಸೇರಿ ಸುಮಾರು 200 ಜೋಡಣೆಗಳು. ಮಣ್ಣು ತೇವ ಹಿಡಿದು ಒಂದೊಂದರಲ್ಲಿ 0.01 ಓಮ್ ರೋಧ ಹುಟ್ಟಿದರೂ ಒಟ್ಟು 2 ಓಮ್. 1.5 ಆಂಪಿಯರ್ ಹರಿಯುವಾಗ 3 ವೋಲ್ಟ್ ದಾರಿಯಲ್ಲೇ ಮಾಯ. ಅದೇ 30 ಮೀಟರಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಹೋಗಿಬರುವ ರೋಧ ಅರ್ಧ ಓಮಿಗೂ ಕಡಿಮೆ. ಹಾಗಾಗಿ ಹಳಿಯ ಪಕ್ಕದಲ್ಲಿ ದಪ್ಪ ತಂತಿ ಹಾಯಿಸಿ, ಕೆಲವು ಮೀಟರಿಗೊಮ್ಮೆ ಹಳಿಗೆ ಕವಲು ಕೊಡುವುದು, ಫಿಷ್‌ಪ್ಲೇಟಿನ ಬದಲು ಸ್ಕ್ರೂ ಬಿಗಿಯುವ ಕ್ಲಾಂಪ್ ಹಾಕುವುದು ರೂಢಿಗೆ ಬಂತು.

ರೋಧದ ಇನ್ನೊಂದು ಕೇಡು ಇದಕ್ಕಿಂತ ಗಂಭೀರ. 10 ಆಂಪಿಯರಿನ ಪೂರೈಕೆಯಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ರಕ್ಷಕ ಸ್ವಿಚ್ಚು ತಕ್ಷಣ ಬೀಳಬೇಕು. ಆದರೆ ಮೇಲೆ ಹೇಳಿದ 2 ಓಮಿನ ಹಳಿಯ ಕೊನೆಯಲ್ಲಿ ಶಾರ್ಟ್ ಆದರೆ 18 ವೋಲ್ಟ್ ಹರಿಸಬಲ್ಲದ್ದು 9 ಆಂಪಿಯರ್ ಮಾತ್ರ. ಸ್ವಿಚ್ಚು ಬೀಳದು, 160 ವ್ಯಾಟಿಗೂ ಮಿಕ್ಕ ಶಾಖ ಜೋಡಣೆಗಳಲ್ಲೂ ಚಕ್ರಗಳಲ್ಲೂ ಏಳುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ದೊಡ್ಡ ಪೂರೈಕೆ ಯಾವಾಗಲೂ ಮೇಲು ಎಂಬ ನಂಬಿಕೆ ಇಲ್ಲಿ ಕುಸಿಯುತ್ತದೆ. 1990ರ ದಶಕದಲ್ಲಿ ಡಿಸಿಸಿ ಎಂಬ ಡಿಜಿಟಲ್ ಪದ್ಧತಿ ಹರಡಿದ ಮೇಲೆ ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇರುವುದರಿಂದ ಈ ಎಚ್ಚರ ಇನ್ನಷ್ಟು ಮುಖ್ಯವಾಯಿತು. ದಾರಿಯುದ್ದಕ್ಕೂ ಅಲ್ಲಲ್ಲಿ ಎರಡು ಹಳಿಗಳ ಮೇಲೆ ಲೋಹದ ತುಂಡಿಟ್ಟು ಸ್ವಿಚ್ಚು ಬೀಳುತ್ತದೆಯೇ ಎಂದು ನೋಡುವ ಪರೀಕ್ಷೆ ಬಳಕೆಗೆ ಬಂತು. ಹಳಿಯನ್ನು ಭಾಗ ಮಾಡಿ ಒಂದೊಂದಕ್ಕೆ ಪ್ರತ್ಯೇಕ ರಕ್ಷಣೆ ಕೊಡುವುದೂ ಉಂಟು. ಟ್ರಾನ್ಸ್‌ಫಾರ್ಮರ್ ಮನೆಯೊಳಗೆ, ಕಡಿಮೆ ವೋಲ್ಟಿನ ತಂತಿ ಮಾತ್ರ ತೋಟಕ್ಕೆ ಎಂಬುದು ಎಲ್ಲ ಪದ್ಧತಿಗೂ ಸಮಾನವಾದ ನಿಯಮ.

ಹಳಿಯ ಗೊಡವೆಯೇ ಬೇಡವೆಂದವರು ಬ್ಯಾಟರಿಯನ್ನು ರೈಲಿನೊಳಗೇ ಇಟ್ಟು ರೇಡಿಯೊ ಮೂಲಕ ನಿಯಂತ್ರಿಸುತ್ತಾರೆ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಕೋಶ ಇದನ್ನು ಸುಲಭ ಮಾಡಿತು. ನಾಲ್ಕು ಕೋಶಗಳ ಸರಣಿಯಿಂದ 14.8 ವೋಲ್ಟ್ ಸಿಗುತ್ತದೆ, 3 ಆಂಪಿಯರ್-ಗಂಟೆಯ ಕಟ್ಟು 1 ಆಂಪಿಯರಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ ಓಡಿಸುತ್ತದೆ. ಆಗ ಅಳೆಯಬೇಕಾದದ್ದು ಆಂಪಿಯರನ್ನಲ್ಲ, ಆಂಪಿಯರ್-ಗಂಟೆಯನ್ನು.