ಸಿಮೆಂಟ್ ಧೂಳು ಮತ್ತು ಮಣ್ಣಿನ ಮಾಲಿನ್ಯ

ಸಿಮೆಂಟ್ ಕಾರ್ಖಾನೆಗಳ ಕುಲುಮೆ, ಗಿರಣಿ ಹಾಗೂ ಸುಣ್ಣಕಲ್ಲಿನ ಗಣಿಗಳಿಂದ ಹೊರಬೀಳುವ ಸೂಕ್ಷ್ಮ ಧೂಳು ಸುತ್ತಲಿನ ಹೊಲಗಳಿಗೆ ಇಳಿದು ಮಣ್ಣಿನ ಗುಣವನ್ನು ಬದಲಿಸುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಈ ಧೂಳು ಕ್ಷಾರಗುಣವುಳ್ಳದ್ದು.

ಮಲೆನಾಡಿನ ಆಮ್ಲೀಯ ಮಣ್ಣಿಗೆ ಸುಣ್ಣವೇ ಮದ್ದು. ಆದರೆ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಪರಿಸರದ ತೊಗರಿ ಬೆಳೆಯುವ ಕಪ್ಪುಮಣ್ಣು ಸಹಜವಾಗಿಯೇ ಕ್ಷಾರೀಯ. ಅದರ ರಸಸಾರ ಮತ್ತಷ್ಟು ಏರಿದರೆ ಕಬ್ಬಿಣ, ಸತು, ರಂಜಕಗಳು ನೆಲದಲ್ಲಿದ್ದರೂ ಬೇರುಗಳಿಗೆ ಸರಿಯಾಗಿ ದಕ್ಕುವುದಿಲ್ಲ; ಎಳೆಯ ಎಲೆಗಳು ಹಳದಿಗಟ್ಟುತ್ತವೆ. ಇಬ್ಬನಿಯಲ್ಲಿ ನೆನೆದ ಧೂಳು ಎಲೆಯ ಮೇಲೆ ಗಟ್ಟಿ ಪೊರೆಯಾಗಿ ಬೆಳಕನ್ನು ತಡೆಯುತ್ತದೆ.

ಚಿಮಣಿಯ ಧೂಳನ್ನು ಚೀಲಶೋಧಕಗಳಿಂದ ಹಿಡಿದಿಡಬಹುದು. ಮಣ್ಣಿನಲ್ಲಿ ಬೆರೆತ ಸುಣ್ಣವನ್ನು ಹಿಂತೆಗೆಯುವುದು ಕಷ್ಟ. ಆದ್ದರಿಂದ ಇಲ್ಲಿನ ರೈತರು ಗೊಬ್ಬರ ಹಾಕುವ ಮುನ್ನ ಮಣ್ಣಿನ ರಸಸಾರವನ್ನು ಪರೀಕ್ಷಿಸಿಕೊಳ್ಳುವುದು ಅಗತ್ಯ.