ದಾರಿಯ ಹಿಂದಿನ ಶಿಲ್ಕು

ಅಮೆರಿಕದ ಕಾಂಗ್ರೆಸ್ 1866ರ ಗಣಿ ಕಾಯ್ದೆಯಲ್ಲಿ ಒಂದೇ ವಾಕ್ಯದ ಕಲಮು ಸೇರಿಸಿತು: ಬೇರೆ ಉದ್ದೇಶಕ್ಕೆ ಕಾದಿರಿಸದ ಸರ್ಕಾರಿ ಭೂಮಿಯಲ್ಲಿ ದಾರಿ ಮಾಡಿಕೊಳ್ಳಲು ಹಕ್ಕುಂಟು. ಅರ್ಜಿ ಬೇಕಿರಲಿಲ್ಲ, ದಾಖಲೆಯೂ ಬೇಕಿರಲಿಲ್ಲ. ಯೂಟಾದ ದನಗಾಹಿಗಳು, ಗಣಿಗಾರರು ಹಾಗೆಯೇ ದಾರಿ ಮಾಡಿಕೊಂಡರು. 1950ರ ದಶಕದಲ್ಲಿ ಯುರೇನಿಯಂ ಹುಡುಕಾಟಕ್ಕಾಗಿ ಅಣುಶಕ್ತಿ ಆಯೋಗವೇ ಬಂಡೆಯಂಚಿನಲ್ಲಿ ವೈಟ್ ರಿಮ್ ರಸ್ತೆ ಹಾಕಿಸಿತು. ಈಗ ಅದು ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗಿದೆ. ಪರವಾನಗಿ ಪಡೆದ ಜೀಪುಗಳು ಇಂದಿಗೂ ಅಲ್ಲಿ ಓಡುತ್ತವೆ.

ಎಲ್ಲಿ ವಾಹನ ಓಡಬಹುದು, ಎಲ್ಲಿ ಕೂಡದು ಎಂದು ಗೊತ್ತುಪಡಿಸುವಂತೆ ಅಧ್ಯಕ್ಷ ನಿಕ್ಸನ್ 1972ರಲ್ಲಿ ಆದೇಶಿಸಿದರು. 1976ರಲ್ಲಿ ಹಳೆಯ ಕಲಮು ರದ್ದಾಯಿತು. ಆದರೆ ಅಲ್ಲಿಯವರೆಗೆ ಹುಟ್ಟಿದ ಹಕ್ಕು ಉಳಿಯಿತು. ಲೆಕ್ಕಪತ್ರದವನಾದ ನನಗೆ ಇದರಲ್ಲಿ ಗೊಂದಲವಿಲ್ಲ: ಹೊಸ ಪುಸ್ತಕ ತೆರೆದರೂ ಹಿಂದಿನ ಶಿಲ್ಕು ಮುಂದಕ್ಕೆ ಬರಲೇಬೇಕು. ಆ ಶಿಲ್ಕು ಎಷ್ಟೆಂಬುದೇ ಜಗಳ. ಯೂಟಾ ರಾಜ್ಯ 12,000ಕ್ಕೂ ಹೆಚ್ಚು ದಾರಿಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದೆ.

ವಿರೋಧಿಸುವವರ ಮಾತು ಸುಳ್ಳಲ್ಲ. ಮರುಭೂಮಿಯ ಮಣ್ಣಿನ ಮೇಲಿರುವ ಜೀವಂತ ಪದರ ಗಾಲಿಗೆ ಸಿಕ್ಕಿ ಒಡೆದರೆ ಮತ್ತೆ ಕೂಡಲು ದಶಕಗಳೇ ಬೇಕು. ಅದಕ್ಕಾಗಿ ದಾರಿ ಬಿಟ್ಟು ಓಡಿಸಿದವರಿಗೆ ದಂಡ ಹಾಕಲಿ. ದಾರಿಯನ್ನೇ ಮುಚ್ಚಿದರೆ, ಮಂಡಿ ಸೋತ ಹಿರಿಯರಿಗೆ ಆ ಕಣಿವೆ ನಕ್ಷೆಯಲ್ಲಷ್ಟೇ ಉಳಿದೀತು. ಸಾರ್ವಜನಿಕರ ಭೂಮಿ ಎಂದಮೇಲೆ ಅವರೂ ಸಾರ್ವಜನಿಕರೇ.