ಊಟ ಒಂದು ಮನೆ, ನಿದ್ದೆ ಒಂದು ಮನೆ

1880ರ ಸುಮಾರಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗನೊಬ್ಬ ದಿನವೂ ಎರಡು ಮನೆಗಳ ನಡುವೆ ನಡೆದಾಡುತ್ತಿದ್ದ. ಊಟಕ್ಕೆ ಸೋದರಮಾವ ರಾಮಯ್ಯನವರ ಮನೆ. ಮಲಗುವುದಕ್ಕೆ ಕೊಡಗಿನ ಮೂಲದ ಮುದ್ದಯ್ಯ ಎಂಬ ಅಧಿಕಾರಿಯ ಮನೆ. ಮುದ್ದಯ್ಯನವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುವುದು ಅವನ ಕೆಲಸ. ಅದರಿಂದ ಬಂದ ಹಣದಲ್ಲೇ ಓದಿನ ಖರ್ಚು ನಡೆಯಬೇಕು. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾಯಿ ಊರಿನಲ್ಲಿ. ಕೈಯಲ್ಲಿ ಪುಸ್ತಕ ಹಿಡಿದು, ಒಂದು ಮನೆಯಲ್ಲಿ ಉಂಡು, ಇನ್ನೊಂದು ಮನೆಯಲ್ಲಿ ಪಾಠ ಹೇಳಿ, ನಡುವೆ ಕಾಲೇಜಿಗೂ ಹೋಗಿಬಂದು 1881ರಲ್ಲಿ ಅವನು ಪದವೀಧರನಾದ. ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ ಇಂಜಿನಿಯರ್ ಆದ.

ಎಂ. ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಕೂತು ಓದಿದ ಕಥೆ ಕನ್ನಡ ಶಾಲೆಗೆ ಹೋದ ಪ್ರತಿಯೊಬ್ಬರ ಕಿವಿಗೂ ಬಿದ್ದಿದೆ. ಈ ಎರಡು ಮನೆಗಳ ಕಥೆ ಅಷ್ಟು ಪ್ರಸಿದ್ಧವಲ್ಲ. ಬೀದಿದೀಪದ ಕಥೆಯಲ್ಲಿ ಇರುವುದು ಒಬ್ಬ ಹುಡುಗ, ಅವನ ಹಠ, ಅಷ್ಟೇ. ಎರಡು ಮನೆಗಳ ಕಥೆಯಲ್ಲಿ ಮಾವನ ಅಡುಗೆಮನೆ ಇದೆ, ದಿನವೂ ಅನ್ನ ಬಡಿಸಿದ ಕೈಗಳಿವೆ, ಮಲಗಲು ಜಾಗ ಕೊಟ್ಟು ಸಂಬಳವನ್ನೂ ಕೊಟ್ಟ ಪರಊರಿನ ಕುಟುಂಬವೊಂದಿದೆ. ಕಾಲೇಜಿನ ಕೊನೆಯ ವರ್ಷವನ್ನು ದಾಟುವುದೆಂದರೆ ಓದು, ದುಡಿಮೆ, ಗೆಳೆಯರು, ಮನೆ ಎಲ್ಲವನ್ನೂ ಹೊಂದಿಸಿಕೊಳ್ಳುವುದು ಎಂದು ಈಗ ಹೇಳುತ್ತಾರೆ. ಹೊಂದಿಸಿಕೊಳ್ಳುವ ಭಾರ ಹುಡುಗನೊಬ್ಬನದೇ ಎಂಬಂತೆ ಹೇಳುತ್ತಾರೆ. ನೂರೈವತ್ತು ವರ್ಷಗಳ ನಮ್ಮ ಕಾಲೇಜು ಚರಿತ್ರೆಯನ್ನು ನೋಡಿದರೆ, ಯಾರು ಕೊನೆಯ ವರ್ಷ ಮುಗಿಸಿದರು, ಯಾರು ನಡುವೆ ಬಿಟ್ಟರು ಎಂಬುದನ್ನು ಬಹಳ ಸಲ ತೀರ್ಮಾನಿಸಿದ್ದು ಊಟ ಎಲ್ಲಿ, ನಿದ್ದೆ ಎಲ್ಲಿ ಎಂಬ ಎರಡು ಪ್ರಶ್ನೆಗಳು.

ಈ ಪ್ರಶ್ನೆಗೆ ಹಳೆಯ ಮೈಸೂರಿನಲ್ಲೂ ಧಾರವಾಡದ ಕಡೆಯಲ್ಲೂ ಸಿಕ್ಕಿದ್ದ ಉತ್ತರದ ಹೆಸರು ವಾರಾನ್ನ. ಪುಣೆಯಲ್ಲಿರುವ ಓದುಗರು ಇದನ್ನೇ ಮರಾಠಿಯಲ್ಲಿ 'ವಾರ ಲಾವೂನ್ ಜೇವಣೆ' ಎಂದು ಕೇಳಿರುತ್ತಾರೆ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಹುಡುಗ ಏಳು ಮನೆಗಳನ್ನು ಹುಡುಕಿಕೊಳ್ಳಬೇಕು. ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ಮೇಷ್ಟರ ಮನೆ, ಹೀಗೆ. ವಾರಕ್ಕೊಂದು ದಿನ ಒಬ್ಬ ಹುಡುಗನಿಗೆ ಅನ್ನ ಹಾಕುವುದು ಯಾವ ಮನೆಗೂ ದೊಡ್ಡ ಹೊರೆಯಲ್ಲ. ಏಳು ಮನೆ ಸೇರಿದರೆ ಒಬ್ಬನ ವಿದ್ಯಾಭ್ಯಾಸ ನಡೆಯುತ್ತದೆ. ಲೆಕ್ಕದ ಮಟ್ಟಿಗೆ ಇದು ಸೊಗಸಾದ ಏರ್ಪಾಡು.

ನಡೆಯುವಾಗ ಅಷ್ಟು ಸೊಗಸಾಗಿರುತ್ತಿರಲಿಲ್ಲ. ಏಳು ಮನೆ ಒಮ್ಮೆಗೇ ಸಿಗುವುದು ಅಪರೂಪ. ನಾಲ್ಕೋ ಐದೋ ಸಿಕ್ಕರೆ ಮಿಕ್ಕ ದಿನ ಉಪವಾಸ, ಇಲ್ಲವೇ ಒಂದಿಷ್ಟು ಅವಲಕ್ಕಿ. ಮನೆಯವರು ಏಕಾದಶಿ ಮಾಡಿದರೆ ಹುಡುಗನಿಗೂ ಏಕಾದಶಿ. ಸೂತಕ ಬಂದರೆ, ಯಜಮಾನರಿಗೆ ವರ್ಗವಾದರೆ, ಮನೆಯಾಕೆ ಬಾಣಂತನಕ್ಕೆ ತವರಿಗೆ ಹೋದರೆ ಆ ವಾರ ಖಾಲಿ. ಇಂಥ ಖಾಲಿ ದಿನಗಳಲ್ಲೇ ಗೆಳೆತನಕ್ಕೆ ಬೆಲೆ ಬರುತ್ತಿದ್ದದ್ದು. ಇವನ ಗುರುವಾರವನ್ನು ಅವನಿಗೆ ಬಿಟ್ಟುಕೊಡುವುದು, ಊರಿಗೆ ಹೋಗುವವನು ತನ್ನ ವಾರಗಳನ್ನು ಗೆಳೆಯನಿಗೆ ವಹಿಸಿ ಹೋಗುವುದು. ಉಂಡ ಮನೆಗೆ ನೀರು ಸೇದಿಕೊಡುವುದು, ಅಂಗಡಿಯಿಂದ ಸಾಮಾನು ತರುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಒಪ್ಪಂದದ ಭಾಗವೇ. ಪರೀಕ್ಷೆ ಹತ್ತಿರ ಬಂದಾಗಲೂ ಮನೆಯ ಗಂಡಸರ ಪಂಕ್ತಿ ಏಳುವವರೆಗೆ ಜಗುಲಿಯಲ್ಲಿ ಕಾಯಬೇಕು. ಸಮಯ ಅವನದಲ್ಲ, ಬಡಿಸುವವರದು. ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ'ಯನ್ನು ಓದಿದವರಿಗೆ ಈ ಲೋಕದ ಹಸಿವು, ಅದರ ಜೊತೆಗೇ ಬರುವ ಅವಮಾನ ಎರಡೂ ಪರಿಚಿತ.

ವಾರಾನ್ನವನ್ನು ನೆನೆದು ಹಳಬರು ಕಣ್ಣು ತೇವಮಾಡಿಕೊಳ್ಳುತ್ತಾರೆ. ಆ ಕೃತಜ್ಞತೆ ನಿಜವಾದದ್ದು. ಆದರೆ ಅದು ಯಾರಿಗೆ ಸಿಗುತ್ತಿತ್ತು ಎಂಬುದನ್ನೂ ಕೇಳಬೇಕು. ಅಡುಗೆಮನೆಯ ಒಳಗಿನ ಏರ್ಪಾಡಾದ್ದರಿಂದ ಅದು ಜಾತಿಯ ಒಳಗಿನ ಏರ್ಪಾಡೂ ಆಗಿತ್ತು. ಬಹುಪಾಲು ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆಯ ಊಟ. ಪಟ್ಟಣದಲ್ಲಿ ತಮ್ಮವರ ಏಳು ಮನೆಗಳಿಲ್ಲದ ಜಾತಿಯ ಹುಡುಗ ಏನು ಮಾಡಬೇಕು? ದಲಿತ ಹುಡುಗನಿಗಂತೂ ಜಗುಲಿಯೂ ಇಲ್ಲ. ಹುಡುಗಿಯರ ಮಾತು ಬೇರೆಯೇ. ಬೇರೆಯವರ ಮನೆಯಲ್ಲಿ ಉಂಡು ಕಾಲೇಜು ಓದುವ ಹುಡುಗಿಯನ್ನು ಆ ಸಮಾಜ ಊಹಿಸಿಕೊಂಡಿರಲೇ ಇಲ್ಲ.

ಹಾಸ್ಟೆಲ್ಲುಗಳು, ವಿದ್ಯಾರ್ಥಿವೇತನದ ನಿಧಿಗಳು ಹುಟ್ಟಿದ್ದಕ್ಕೆ ಇದು ದೊಡ್ಡ ಕಾರಣ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಅಲ್ಲಿಯ ಹುಡುಗ ಬಿ.ಎ. ಮಾಡಬೇಕಾದರೆ ಸಾಮಾನ್ಯವಾಗಿ ಪುಣೆಗೋ ಮುಂಬೈಗೋ ಗಂಟುಮೂಟೆ ಕಟ್ಟಬೇಕು. ಬೇಂದ್ರೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದಲೇ 1918ರಲ್ಲಿ ಪದವಿ ಪಡೆದರು. ಹಾಗೆ ದೂರ ಹೋಗುವ ಹುಡುಗರ ಕೈಗೆ ಹಣ ಕೊಡಲೆಂದೇ ಅರಟಾಳ ರುದ್ರಗೌಡರೂ ಅವರ ಜೊತೆಗಾರರೂ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರ ಹೆಸರಿನಲ್ಲಿ ಹಾಸ್ಟೆಲ್ಲೂ ನಡೆಯಿತು. ಇವೂ ಜಾತಿಯ ಹೆಸರಿನ ಏರ್ಪಾಡುಗಳೇ, ನಿಜ. ಆದರೂ ವ್ಯತ್ಯಾಸ ಸಣ್ಣದಲ್ಲ. ಹಾಸ್ಟೆಲ್ಲಿನ ಹುಡುಗ ಯಾರ ಜಗುಲಿಯಲ್ಲೂ ಕಾಯಬೇಕಿಲ್ಲ. ಗಂಟೆ ಹೊಡೆದಾಗ ಊಟ, ಆಮೇಲೆ ಓದು. ಗೆಳೆಯರು ಅದೇ ಸಾಲಿನಲ್ಲಿ ಕೂತಿರುತ್ತಾರೆ.

ಹಾಗೆಂದು ಹಾಸ್ಟೆಲ್ ಸಿಕ್ಕವರೆಲ್ಲ ಕೊನೆಯ ವರ್ಷ ದಾಟಿದರು ಎಂದಲ್ಲ. ಹೊರಗಿನ ಕರೆ ಒಳಗೆ ಬಂದು ಎಬ್ಬಿಸಿಕೊಂಡು ಹೋಗುತ್ತಿತ್ತು. ಸೆಂಟ್ರಲ್ ಕಾಲೇಜಿನ ಚರಿತ್ರೆಯಲ್ಲೇ ಅಂಥ ಎರಡು ಪ್ರಸಂಗಗಳಿವೆ.

ಮಾಗಡಿ ಕಡೆಯ ವೀರಾಪುರದ ಶಿವಣ್ಣ 1926ರಲ್ಲಿ ಮೆಟ್ರಿಕ್ ಮುಗಿಸಿ, ಸೆಂಟ್ರಲ್ ಕಾಲೇಜಿಗೆ ಸೇರಿ ಭೌತಶಾಸ್ತ್ರ, ಗಣಿತ ಓದುತ್ತಿದ್ದ. ಎಂಟು ವರ್ಷದವನಿದ್ದಾಗಲೇ ತಾಯಿ ಗಂಗಮ್ಮ ತೀರಿಕೊಂಡಿದ್ದರು. ತುಮಕೂರಿನ ಬಳಿಯ ಸಿದ್ಧಗಂಗಾ ಮಠದ ಒಡನಾಟ ಓದಿನ ದಿನಗಳಿಂದಲೇ ಇತ್ತು. ಮಠದ ಉತ್ತರಾಧಿಕಾರಿಯಾಗಬೇಕಿದ್ದ ಮರುಳಾರಾಧ್ಯರು ಶಿವಣ್ಣನ ಗೆಳೆಯರು. 1930ರ ಜನವರಿಯಲ್ಲಿ ಅವರು ತೀರಿಕೊಂಡರು. ಗೆಳೆಯನ ಅಂತ್ಯಸಂಸ್ಕಾರಕ್ಕೆಂದು ಹೋದ ವಿದ್ಯಾರ್ಥಿಯನ್ನು ಹಿರಿಯರಾದ ಉದ್ದಾನ ಶಿವಯೋಗಿಗಳು ಮಠಕ್ಕೆ ಉತ್ತರಾಧಿಕಾರಿಯಾಗಿ ಆರಿಸಿದರು. ಆ ವರ್ಷದ ಮಾರ್ಚ್ 3ರಂದು ಶಿವಣ್ಣ ಸನ್ಯಾಸ ತೆಗೆದುಕೊಂಡು ಶಿವಕುಮಾರ ಸ್ವಾಮಿಗಳಾದರು. ಕಾಲೇಜಿನ ಪದವಿ ಕೈಗೆ ಬರಲಿಲ್ಲ.

ಒಂದು ಸಾವು, ಒಂದು ಗೆಳೆತನ, ಹಿರಿಯರ ಮಾತು. ಇಲ್ಲಿ ಯಾವುದನ್ನು ಯಾವುದರ ಜೊತೆ ತೂಗಿ ನೋಡುವುದು? ಜನಪ್ರಿಯ ಜೀವನಚರಿತ್ರೆಗಳು ಇದನ್ನು ದೈವಸಂಕಲ್ಪ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಇಪ್ಪತ್ತೆರಡರ ಯುವಕನೊಬ್ಬ ತನ್ನ ಪುಸ್ತಕಗಳನ್ನು ಮುಚ್ಚಿಟ್ಟ ಗಳಿಗೆಗೆ ಅಷ್ಟು ಅವಸರದ ವಾಕ್ಯ ಸಾಲದು. ಮುಂದೆ ಅವರು ಮಾಡಿದ್ದನ್ನು ನೋಡಿದರೆ, ಆ ಗಳಿಗೆಯನ್ನು ಮರೆತಂತೆ ಕಾಣುವುದಿಲ್ಲ. ಜಾತಿ ಧರ್ಮ ಕೇಳದೆ ಬಡವರ ಮಕ್ಕಳನ್ನು ಇಟ್ಟುಕೊಂಡು ಊಟ, ವಸತಿ, ಓದು ಮೂರನ್ನೂ ಕೊಡುವ ಜಾಗವಾಗಿ ಆ ಮಠ ಬೆಳೆಯಿತು. 2019ರಲ್ಲಿ 111ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅಲ್ಲಿ ಸಾವಿರಾರು ಮಕ್ಕಳಿದ್ದರು. ಯಾವ ಮಗುವೂ ತನ್ನ ಊಟಕ್ಕೆ ಏಳು ಮನೆ ಹುಡುಕಬೇಕಾಗಿರಲಿಲ್ಲ. ಬಿ.ಎ. ಆಗದ ಸ್ವಾಮಿಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಎರಡನೆಯ ಪ್ರಸಂಗ 1942ರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಕಡುಬಡವರ ಮನೆಯ ಹುಡುಗ. ಹೈಸ್ಕೂಲು ಓದಲು 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದವರು. ಬಸ್ಸಿಗೆ ಕಾಸಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ 1936ರಲ್ಲಿ ಗಾಂಧೀಜಿ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಅವಕಾಶ ಈ ಹುಡುಗನಿಗೆ ಸಿಕ್ಕಿತು. ಮುಂದೆ ಸೆಂಟ್ರಲ್ ಕಾಲೇಜು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆನರ್ಸ್. ಕೊನೆಯ ವರ್ಷ ನಡೆಯುತ್ತಿದ್ದಾಗ ಕ್ವಿಟ್ ಇಂಡಿಯಾ ಕರೆ ಬಂತು. ಮೈಸೂರು ಸಂಸ್ಥಾನದಲ್ಲಿ ಆ ಚಳವಳಿಗೆ ವಿದ್ಯಾರ್ಥಿಗಳೇ ಬಲ. ನರಸಿಂಹಯ್ಯ ಕಾಲೇಜು ಬಿಟ್ಟು ಇಳಿದರು, ಜೈಲಿಗೂ ಹೋದರು.

ಕೂಲಿನಾಲಿ ಮಾಡಿ ಬದುಕುವ ಮನೆಯಿಂದ ಬಂದ ಹುಡುಗನಿಗೆ ಆನರ್ಸ್ ಪದವಿ ಎಂದರೆ ಇಡೀ ಕುಟುಂಬದ ಭರವಸೆ. ಅನುಕೂಲಸ್ಥರ ಮನೆಯ ಹುಡುಗ ಒಂದು ವರ್ಷ ಕಳೆದುಕೊಂಡರೆ ಒಂದು ವರ್ಷ ಹೋಯಿತು, ಅಷ್ಟೇ. ಬಡವನಿಗೆ ಹಾಗಲ್ಲ. ಹಾಸ್ಟೆಲ್ಲಿನ ಜಾಗ, ವಿದ್ಯಾರ್ಥಿವೇತನ, ಉಪಾಧ್ಯಾಯರ ವಿಶ್ವಾಸ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ್ದು. ದೇಶಕ್ಕಾಗಿ ಓದು ಬಿಟ್ಟವರ ಪಟ್ಟಿಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ನರಸಿಂಹಯ್ಯ ಮರಳಿ ಬಂದರು. ಆನರ್ಸ್ ಮುಗಿಸಿದರು, ಎಂ.ಎಸ್ಸಿ. ಮಾಡಿದರು, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಆಮೇಲೆ ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ., ಪ್ರಿನ್ಸಿಪಾಲ್ ಹುದ್ದೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ. ಇಷ್ಟೆಲ್ಲ ಆದರೂ ಅವರು ಮನೆ ಮಾಡಲಿಲ್ಲ, ಮದುವೆಯಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಹುಡುಗರ ನಡುವೆಯೇ ಇದ್ದುಬಿಟ್ಟರು, 2005ರಲ್ಲಿ ತೀರಿಕೊಳ್ಳುವವರೆಗೆ.

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮಾಡಿ ಎರಡರಲ್ಲೂ ಮೊದಲ ಸ್ಥಾನ ಪಡೆದವರು ರಾಜೇಶ್ವರಿ. ಮುಂದೆ ರಾಜೇಶ್ವರಿ ಚಟರ್ಜಿ ಎಂದು ಹೆಸರಾದ ಮೈಕ್ರೋವೇವ್ ಇಂಜಿನಿಯರ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹುಡುಗಿ ಓದಬೇಕೆಂದು ಮನೆಯಲ್ಲಿ ಮೊದಲ ಜಗಳ ಆಡಿ ಗೆದ್ದವರು ಎರಡು ತಲೆಮಾರು ಹಿಂದೆಯೇ ಇದ್ದರೆಂದರೆ, ಮೊಮ್ಮಗಳಿಗೆ ಓದುವುದಷ್ಟೇ ಉಳಿದ ಕೆಲಸ. ಅಂಥ ಅಜ್ಜಿ ಇಲ್ಲದ ಹುಡುಗಿಯರ ಕೊನೆಯ ವರ್ಷ ಎಷ್ಟೋ ಸಲ ಲಗ್ನಪತ್ರಿಕೆಯಲ್ಲಿ ಮುಗಿಯುತ್ತಿತ್ತು. ಅವರ ಹೆಸರು ಯಾವ ಕಾಲೇಜಿನ ಚರಿತ್ರೆಯಲ್ಲೂ ಇಲ್ಲ.

ಇದುವರೆಗೆ ಬಂದದ್ದೆಲ್ಲ ಹಗಲು ಓದಬಲ್ಲವರ ಕಥೆ. ಹಗಲು ದುಡಿಯಲೇಬೇಕಾದವನಿಗೆ ಹಾಸ್ಟೆಲ್ ಕೊಟ್ಟರೂ ಉಪಯೋಗವಿಲ್ಲ. ಅವನ ಸಂಬಳದ ಮನಿಯಾರ್ಡರ್‌ಗೆ ಊರಿನಲ್ಲಿ ಕಾಯುವವರಿದ್ದಾರೆ. ಈ ಗಂಟು ಎದ್ದು ಕಂಡದ್ದು ಮುಂಬೈಯಲ್ಲಿ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ಮೊಗವೀರರು, ಬಿಲ್ಲವರು ಮತ್ತಿತರ ಸಮಾಜಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಗಲ್ಲಾಪೆಟ್ಟಿಗೆ ಮುಚ್ಚಿದ ಮೇಲೆ ಅಥವಾ ಯಜಮಾನರನ್ನು ಬೇಡಿಕೊಂಡು ಎರಡು ಗಂಟೆ ಮೊದಲೇ ಬಿಡಿಸಿಕೊಂಡು ಹೋಗಿ ಮೆಟ್ರಿಕ್ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈಗ ಆ ನಗರದ ತುಂಬ ಇದ್ದಾರೆ. ಆದರೆ ಮೆಟ್ರಿಕ್ ನಂತರ? ಕಾಲೇಜುಗಳು ನಡೆಯುತ್ತಿದ್ದದ್ದು ಕಚೇರಿಯ ವೇಳೆಯಲ್ಲೇ.

ಆ ಗಂಟನ್ನು ಬಿಚ್ಚಲು ಕೈಹಾಕಿದವರಿಗೆ ಅದರ ಅನುಭವವಿತ್ತು. ಬಿ.ಆರ್. ಅಂಬೇಡ್ಕರ್ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಪರೇಲಿನ ಚಾಳಿನಲ್ಲಿದ್ದರು. ಮನೆಮಂದಿಗೆಲ್ಲ ಓದಲು, ಮಲಗಲು ಸಾಲದಷ್ಟು ಜಾಗ. ತಂದೆ ರಾಮಜಿ ನಡುರಾತ್ರಿ ಎರಡರವರೆಗೆ ಎಚ್ಚರವಿದ್ದು, ಮಗನನ್ನು ಓದಲು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಫೀಸಿಗೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ. ಆಗಲೇ ಮದುವೆಯಾಗಿತ್ತು. ಪದವಿ ಮುಗಿಸಿ ಬರೋಡಾದ ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ, 1913ರ ಫೆಬ್ರವರಿಯಲ್ಲಿ, ತಂದೆ ತೀರಿಕೊಂಡರು.

ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಮರುವರ್ಷದ ಜೂನ್‌ನಲ್ಲಿ ಸಿದ್ಧಾರ್ಥ ಕಾಲೇಜು ತೆರೆಯಿತು. ಅದರ ಬಗ್ಗೆ ಬರೆಯುವಾಗ ಗ್ರಂಥಾಲಯ, ಅಧ್ಯಾಪಕರು, ಅಲ್ಲಿಂದ ಹೊರಬಂದ ಲೇಖಕರು ಎಲ್ಲದರ ಮಾತೂ ಬರುತ್ತದೆ. ವೇಳಾಪಟ್ಟಿಯ ಮಾತು ಕಡಿಮೆ. ದುಡಿಯುವ ಹುಡುಗರಿಗೆ ಅನುಕೂಲವಾಗಲೆಂದು ತರಗತಿಗಳನ್ನು ಬೆಳಿಗ್ಗೆಯೇ ಇಟ್ಟರು. ಹುಡುಗ ತನ್ನ ದಿನವನ್ನು ಕಾಲೇಜಿಗೆ ಹೊಂದಿಸಿಕೊಳ್ಳುವ ಬದಲು ಕಾಲೇಜೇ ಅವನ ದಿನಕ್ಕೆ ಹೊಂದಿಕೊಂಡಿತು. ಗುಮಾಸ್ತ, ಪ್ಯೂನ್, ಗಿರಣಿ ಕೆಲಸಗಾರನ ಮಗ ಎಲ್ಲರೂ ಮೊದಲ ಲೋಕಲ್ ಹಿಡಿದು ಬರಬಹುದಿತ್ತು. ಕಾಲೇಜು ಮುಂದೆ ಫೋರ್ಟ್‌ನ ಬುದ್ಧ ಭವನ, ಆನಂದ ಭವನಗಳಿಗೆ ಬಂತು. ಸುತ್ತ ಬ್ಯಾಂಕುಗಳು, ವಿಮಾ ಕಂಪನಿಗಳು, ಸರ್ಕಾರಿ ಕಚೇರಿಗಳು. ಕೊನೆಯ ಪೀರಿಯಡ್ ಮುಗಿಸಿ ಮೆಟ್ಟಿಲಿಳಿದು ರಸ್ತೆ ದಾಟುವ ಹೊತ್ತಿಗೆ ಆ ಕಚೇರಿಗಳ ಹಾಜರಿ ಪುಸ್ತಕ ತೆರೆಯುತ್ತಿತ್ತು.